ಕಡತರಾಯರ ಮೇನ್ ಶೀಟು

ನನ್ನ ಷಡ್ಡಕರಿಗೆ ಗೊತ್ತಿಲ್ಲದ ವಿಷಯವೇ ಜಗತ್ತಿನಲ್ಲಿ ಇಲ್ಲ ಎಂದರೆ ಅತಿಶಯೋಕ್ತಿಯಾದೀತು. ಗೊತ್ತಿಲ್ಲದವು ಬೇಕಾದಷ್ಟಿವೆ. ಆದರೆ ಅವರು ‘ಗೊತ್ತಿಲ್ಲ’ ಎಂದದ್ದನ್ನು ನಾನಾಗಲಿ, ಅವರ ಹೆಂಡತಿಯಾಗಲಿ, ಅವರ ಕಚೇರಿಯ ಜವಾನನಾಗಲಿ ಈಗ ಹೇಳಹೊರಟ ಪ್ರಸಂಗದವರೆಗೆ ಕೇಳಿರಲಿಲ್ಲ. ದಾರಿ ಕೇಳಿ ಬಂದವರನ್ನು ಅವರು ಸುಮ್ಮನೆ ಕಳಿಸಿದವರೇ ಅಲ್ಲ. ಹಾಗೆ ಹೋದವರು ಕೊನೆಗೆ ಎಲ್ಲಿಗೆ ತಲುಪಿದರು ಎಂಬುದು ಬೇರೆ ಮಾತು.

ಅವರು ಭೂಮಾಪನ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾರೆ. ಯಾವ ಕಡತ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿ ಮಲಗಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಅದಕ್ಕೇ ಅವರಿಗೆ ಕಡತರಾಯರು ಎಂಬ ಹೆಸರು ಬಿದ್ದು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ನನ್ನದು ಔಷಧಿ ಅಂಗಡಿ. ಡಾಕ್ಟರ ಕೈಬರಹ ಓದುವ ಕಸುಬಾದ್ದರಿಂದ ಯಾವುದನ್ನೂ ಎರಡು ಸಲ ಕೇಳದೆ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ನಮ್ಮಿಬ್ಬರ ಹೆಂಡತಿಯರು ಅಕ್ಕತಂಗಿಯರು ಎನ್ನುವುದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಹೇಳಿಕೊಳ್ಳುವಂಥ ಸಂಬಂಧವೇನೂ ಇಲ್ಲ.

ಮಾವನಿಗೆ ಒಂದು ಹಾಯಿದೋಣಿ ಇದೆ. ನನ್ನ ಹೆಂಡತಿಗಿಂತ ಅದು ಎರಡು ವರ್ಷ ದೊಡ್ಡದು. ಒಂದು ಕಂಬ, ಅದರ ಬುಡದಿಂದ ಹಿಂದಕ್ಕೆ ಚಾಚಿದ ಒಂದು ಅಡ್ಡಮರ, ಎರಡಕ್ಕೂ ಸೇರಿಸಿ ಕಟ್ಟುವ ತ್ರಿಕೋನಾಕಾರದ ಹಾಯಿ, ಹಿಂದೆ ಒಂದು ಚುಕ್ಕಾಣಿ, ಇಷ್ಟೇ. ನಾಲ್ಕು ಜನ ಕೂರಬಹುದು, ನಾಲ್ವರಿಗೂ ಪರಸ್ಪರ ಮಾತುಕತೆ ಇದ್ದರೆ. ಪ್ರತಿ ಭಾನುವಾರ ಮಾವ ಅದನ್ನು ಊರಿನ ದೊಡ್ಡ ಕೆರೆಯಲ್ಲಿ ಬಿಟ್ಟುಕೊಂಡು ಒಬ್ಬರೇ ಸುತ್ತಿ ಬರುತ್ತಿದ್ದರು. ಹೋದ ವರ್ಷ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಮೇಲೆ ಗಾಲಿಕುರ್ಚಿಗೆ ಬಂದರು. ಡಾಕ್ಟರು ಜೋಪಾನವಾಗಿರಿ ಎಂದಷ್ಟೇ ಹೇಳಿದ್ದು. ದೊಡ್ಡ ಮಗಳು, ಅಂದರೆ ಕಡತರಾಯರ ಹೆಂಡತಿ, ನಮಗೆಲ್ಲ ಅಕ್ಕ, ಆ ಮಾತಿಗೆ ತನ್ನದೊಂದು ತಿದ್ದುಪಡಿ ತಂದಳು: ಅಪ್ಪ ಇನ್ನು ಮುಂದೆ ದೋಣಿಗೆ ಕಾಲಿಡಕೂಡದು. ಅಕ್ಕನ ತಿದ್ದುಪಡಿಗಳು ನಮ್ಮ ಮನೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾಗುತ್ತವೆ.

ಹೀಗಿರುವಾಗ ಕೆರೆದಂಡೆಯಲ್ಲಿ ದೋಣಿಗಳನ್ನು ಕಟ್ಟಿಡುವ ದಕ್ಕೆಯ ಕಚೇರಿಯಿಂದ ಕಾಗದ ಬಂತು. ಒಂದು ವರ್ಷದಿಂದ ನೀರಿನ ಮೇಲೆ ಓಡದ ದೋಣಿಗಳಿಗೆ ದಕ್ಕೆಯಲ್ಲಿ ಜಾಗ ಇಲ್ಲ. ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ದೋಣಿಯವರೋ ಅವರ ಮನೆಯವರೋ ಹಾಯಿ ಕಟ್ಟಿಕೊಂಡು, ಕೆರೆಯ ನಡುವೆ ತೇಲುವ ಕೆಂಪು ಪೀಪಾಯಿಯನ್ನು ಒಂದು ಸುತ್ತು ಹಾಕಿ ಬಂದು ತೋರಿಸಬೇಕು. ತಪ್ಪಿದರೆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ. ಮುಂದಿನವರು ಯಾರೆಂದು ಕೇಳಬೇಕಾಗಿರಲಿಲ್ಲ. ಹೊಸ ಮೋಟಾರು ದೋಣಿ ತಂದವರೊಬ್ಬರು ಆಗಲೇ ಎರಡು ಸಲ ಮನೆಗೆ ಬಂದು ಮಾವನ ಆರೋಗ್ಯ ವಿಚಾರಿಸಿಕೊಂಡು ಹೋಗಿದ್ದರು. ಜಾಗ ಹೋದರೆ ದೋಣಿಯನ್ನು ಇಡಲು ಇನ್ನೆಲ್ಲೂ ಸ್ಥಳವಿಲ್ಲ, ಒಡೆದು ಸೌದೆ ಮಾಡಬೇಕು. ಮಾವ ಕಾಗದವನ್ನು ಮೂರು ಸಲ ಓದಿ ಮಡಿಲಲ್ಲಿಟ್ಟುಕೊಂಡರು. ಅವರ ಮುಖ ನೋಡುವುದು ನಮಗೆ ಕಷ್ಟವಾಯಿತು.

ಅಂಥ ಹೊತ್ತಿನಲ್ಲಿ ಕಡತರಾಯರು ಕನ್ನಡಕ ಒರೆಸಿಕೊಳ್ಳುತ್ತ, ಹಾಯಿದೋಣಿ ಏನು ಮಹಾ, ನಾನು ತೆಗೆದುಕೊಂಡು ಹೋಗುತ್ತೇನೆ ಎಂದುಬಿಟ್ಟರು. ಅಕ್ಕ ಗಂಡನನ್ನು ದುರುಗುಟ್ಟಿ ನೋಡಿದಳು. ನೀರಿಗೂ ಅವರಿಗೂ ಇರುವ ನಂಟು ಬಕೆಟ್ಟಿನ ಆಳ ಮೀರಿದ್ದಲ್ಲ ಎಂಬುದು ಅವಳಿಗೆ ಗೊತ್ತು. ಮಾವ ಕುರ್ಚಿಯ ಗಾಲಿ ತಿರುಗಿಸಿ ಅಳಿಯನಿಗೆ ಎದುರಾದರು.

“ಮೇನ್ ಶೀಟ್ ಗೊತ್ತಾ ನಿಮಗೆ?”

“ಮೂವತ್ತೊಂದು ವರ್ಷದಿಂದ ಇನ್ನೇನು ಮಾಡ್ತಿದ್ದೀನಿ ಮಾವ. ಮೇನ್ ಶೀಟ್ ಇಲ್ಲದೆ ಒಂದೇ ಒಂದು ಕೇಸು ನನ್ನ ಮೇಜು ದಾಟಿಲ್ಲ.”

ಮಾವ ಅವರನ್ನೇ ಸುಮಾರು ಹೊತ್ತು ನೋಡಿದರು. ಆಮೇಲೆ, ಹಾಗಾದರೆ ಈ ಕೆಲಸಕ್ಕೆ ನೀವೇ ಸರಿ, ಎಂದರು. ಮೇನ್ ಶೀಟ್ ಅಂದರೆ ಏನು ಎಂದು ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ, ಒಳಗೆ ಹೋಗಿ ನನ್ನ ಮಾತ್ರೆ ಡಬ್ಬಿ ಸರಿಯಾಗಿದೆಯೋ ಇಲ್ಲವೋ ನೋಡಿ ಎಂದು ನನ್ನನ್ನು ಎಬ್ಬಿಸಿ ಕಳಿಸಿದರು. ಡಬ್ಬಿ ಸರಿಯಾಗಿಯೇ ಇತ್ತು.

ಓದುವವರ ಅನುಕೂಲಕ್ಕೆ ಒಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ದೋಣಿಯವರ ಮಾತಿನಲ್ಲಿ ಮೇನ್ ಶೀಟ್ ಎಂದರೆ ಬಟ್ಟೆಯೂ ಅಲ್ಲ, ಕಾಗದವೂ ಅಲ್ಲ, ಹಗ್ಗ. ಹಾಯಿ ಕಟ್ಟಿದ ಅಡ್ಡಮರವನ್ನು ಎಳೆದು ಸಡಿಲಿಸಿ ಹತೋಟಿಯಲ್ಲಿಡುವ ಹಗ್ಗ. ಅದು ಓಡಾಡುವ ರಾಟೆಗಳಿಗೆ ಅವರು ಬ್ಲಾಕ್ ಎನ್ನುತ್ತಾರೆ. ಈ ಹಗ್ಗಕ್ಕೆ ಶೀಟ್ ಎಂದು ಹೆಸರಿಟ್ಟವನು ಕೈಗೆ ಸಿಕ್ಕಿದ್ದರೆ ನಮ್ಮ ಮನೆಯ ಒಂದು ವಾರದ ನೆಮ್ಮದಿ ಉಳಿಯುತ್ತಿತ್ತು. ಕಡತರಾಯರ ಕಚೇರಿಯಲ್ಲಾದರೋ ಮೇನ್ ಶೀಟ್ ಎಂದರೆ ಕಡತದ ಮೊದಲ ಹಾಳೆ. ಮತ್ತು ಆ ಕಚೇರಿ ಎರಡು ಕಟ್ಟಡಗಳಲ್ಲಿದೆ. ರಸ್ತೆಗೆ ಹತ್ತಿಕೊಂಡದ್ದು ಕೆಳಗಿನ ಬ್ಲಾಕ್, ದಿಬ್ಬದ ಮೇಲಿನದು ಮೇಲಿನ ಬ್ಲಾಕ್.

ಮರುದಿನ ಸಂಜೆ ರಾಯರು ನೋಟ್‌ಬುಕ್ಕು ಹಿಡಿದು ಬಂದರು. ಮಾವ ನಿಧಾನವಾಗಿ ಬರೆಸಿದರು.

“ನಮ್ಮ ಮೇನ್ ಶೀಟ್ ಹಳೇದು, ನಡುವೆ ಸವೆದುಹೋಗಿದೆ. ಹೊಸದು ಬೇಕು. ಅದನ್ನ ಮೊದಲು ಕೆಳಗಿನ ಬ್ಲಾಕಲ್ಲಿ ಹಾಯಿಸಿ, ಆಮೇಲೆ ಮೇಲಿನ ಬ್ಲಾಕು, ಮತ್ತೆ ಕೆಳಗಿನದಕ್ಕೆ ತನ್ನಿ. ಕೊನೇಲಿ ಗಂಟು ಹಾಕೋದು ಮರೀಬೇಡಿ, ಇಲ್ಲಾಂದ್ರೆ ಜಾರಿ ಹೋಗುತ್ತೆ.”

ಕಡತರಾಯರಿಗೆ ಕಣ್ಣು ತುಂಬಿ ಬಂತಂತೆ. ಕಚೇರಿಯ ಹೊರಗೊಬ್ಬ ಮನುಷ್ಯ ಕಡತ ಸಾಗುವ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ತಾವು ಕೇಳಿಯೇ ಇರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಮಾವನ ಕಪಾಟಿನಲ್ಲಿ ದೋಣಿಯ ನೋಂದಣಿ ಪತ್ರ ಸಿಕ್ಕಿತು. ನಾಲ್ಕು ಮಡಿಕೆ ಮಾಡಿಟ್ಟದ್ದರಿಂದ ಅದು ಸರಿಯಾಗಿ ನಡುವೆಯೇ ಸವೆದುಹೋಗಿತ್ತು. ಇನ್ನು ಅನುಮಾನಕ್ಕೆ ಎಡೆ ಎಲ್ಲಿ?

ಅವರು ಅದರ ಹೊಸ ಪ್ರತಿ ಮಾಡಿಸಿ, ಗಟ್ಟಿ ಹಾಳೆಗೆ ಅಂಟಿಸಿ, ರಟ್ಟಿನ ಹೊದಿಕೆ ಹಾಕಿ ಕೆಳಗಿನ ಬ್ಲಾಕಿಗೆ ಒಯ್ದರು. ಅಲ್ಲಿಯ ಹೆಡ್ ಕ್ಲಾರ್ಕ್, ಇದು ದೋಣಿ, ನಾವು ಅಳೆಯುವುದು ನೆಲ, ನಮಗೂ ಇದಕ್ಕೂ ಏನು ಸಂಬಂಧ ಎಂದು ಆಕ್ಷೇಪ ತೆಗೆದರು. ಕೆರೆಯ ನೀರಿನ ಕೆಳಗೆ ಇರುವುದು ನೆಲವೇ ಅಲ್ಲವೇ ಎಂದು ರಾಯರು ಕೇಳಿದರು. ಹೆಡ್ ಕ್ಲಾರ್ಕ್ ಸ್ವಲ್ಪ ಹೊತ್ತು ಯೋಚಿಸಿ, ‘ನೋಡಿದೆ. ನೆಲದ ಮಟ್ಟಿಗೆ ಆಕ್ಷೇಪಣೆ ಇಲ್ಲ’ ಎಂದು ಬರೆದು ರುಜು ಮಾಡಿದರು.

ಮೇಲಿನ ಬ್ಲಾಕಿನಲ್ಲಿ ಅದು ಎರಡು ದಿನ ನಿಂತಿತು. ಅಲ್ಲಿಯ ಉಪನಿರ್ದೇಶಕರು ಆಳವಾಗಿ ಹೋಗುವ ಮನುಷ್ಯ. ದೋಣಿ ಸ್ಥಿರಾಸ್ತಿಯೋ ಚರಾಸ್ತಿಯೋ ಎಂದು ಪ್ರಶ್ನೆ ಹಾಕಿ, ಅಭಿಪ್ರಾಯಕ್ಕಾಗಿ ಕೆಳಗಿನ ಬ್ಲಾಕಿಗೆ ಇಳಿಸಿದರು. ‘ಕಟ್ಟಿದಾಗ ಸ್ಥಿರ, ಬಿಚ್ಚಿದಾಗ ಚರ’ ಎಂಬ ಅಭಿಪ್ರಾಯ ಬರೆಸಿಕೊಂಡು ಕಡತ ಮತ್ತೆ ದಿಬ್ಬ ಹತ್ತಿತು. ಹಾಗಾದರೆ ಯಾರು ಕಟ್ಟಿದ್ದು ಎಂದು ಇನ್ನೊಂದು ಪ್ರಶ್ನೆ ಬಿತ್ತು. ಕೇಳದೆಯೇ ಬಂದ ಕಾಗದವನ್ನು ತಿರಸ್ಕರಿಸುವ ನಿಯಮ ಯಾರಿಗೂ ಸಿಗಲಿಲ್ಲ, ಆದ್ದರಿಂದ ಎಲ್ಲರೂ ಅದರ ಮೇಲೆ ಏನಾದರೊಂದು ಬರೆದರು. ಗುರುವಾರ ಉಪನಿರ್ದೇಶಕರು ‘ಮುಂದುವರಿಯಬಹುದು’ ಎಂದು ಬರೆದು ಕೆಳಗಿನ ಬ್ಲಾಕಿಗೆ ಇಳಿಸುವ ಹೊತ್ತಿಗೆ ಒಂದು ಹಾಳೆ ಒಂಬತ್ತು ಹಾಳೆಯಾಗಿತ್ತು. ರಾಯರು ಮೂಲೆಯಲ್ಲಿ ತೂತು ಮಾಡಿ, ಕಡತಕ್ಕೆ ಹಾಕುವ ದಾರ ಪೋಣಿಸಿ, ಜಾರದ ಹಾಗೆ ಎರಡು ಗಂಟು ಬಿಗಿದರು.

ಆ ಸಂಜೆಯೇ ಮಾವನ ಮುಂದೆ ವರದಿಯಾಯಿತು. ನಾನು ಅಲ್ಲಿದ್ದೆ. ಹೊಸದು ಮಾಡಿಸಿದ್ದಾಯಿತು, ಎರಡೂ ಬ್ಲಾಕಿನಲ್ಲಿ ಹಾಯಿಸಿದ್ದಾಯಿತು, ಗಂಟೂ ಹಾಕಿದ್ದಾಯಿತು ಎಂದು ರಾಯರು ಬೆರಳು ಮಡಿಸಿ ಒಪ್ಪಿಸಿದರು. ಎಷ್ಟು ಹೊತ್ತು ಹಿಡಿಯಿತು ಎಂದು ಮಾವ ಕೇಳಿದರು. ಮೂರು ದಿನ ಎಂದರು ರಾಯರು. ಮೇಲಿನ ಬ್ಲಾಕಿನಲ್ಲಿ ಸ್ವಲ್ಪ ಸಿಕ್ಕಿಹಾಕಿಕೊಂಡಿತ್ತು ಎಂದೂ ಸೇರಿಸಿದರು.

“ಅದು ಯಾವಾಗಲೂ ಹಾಗೇ,” ಎಂದರು ಮಾವ. “ಸ್ವಲ್ಪ ಎಣ್ಣೆ ಹಾಕಿಸಿದ್ರೆ ಸಲೀಸಾಗಿ ಬಿಡ್ತಿತ್ತು.”

ಕಡತರಾಯರು ಬೆಚ್ಚಿಬಿದ್ದರು. ಉಪನಿರ್ದೇಶಕರಿಗೆ ಎಣ್ಣೆ ಹಾಕಿಸುವುದು, ಅದೂ ಕಚೇರಿಯ ವೇಳೆಯಲ್ಲಿ. ಮಾವ ಇಂಥ ಮಾತು ಆಡಬಲ್ಲರು ಎಂದು ತಾವು ಎಣಿಸಿರಲಿಲ್ಲವೆಂದು ಮೆಟ್ಟಿಲಿಳಿಯುತ್ತ ಪಿಸುಗುಟ್ಟಿದರು. ನಾವು ಇಳಿಯುವಾಗ ಒಳಗೆ ಮಾವನಿಗೆ ವಿಪರೀತ ಕೆಮ್ಮು ಬಂದಿತ್ತು. ನನ್ನ ಹೆಂಡತಿ ನೀರು ತೆಗೆದುಕೊಂಡು ಓಡಿದಳು.

ಭಾನುವಾರ ಎಂಟೂವರೆಗೆ ಎಲ್ಲರೂ ದಕ್ಕೆಯಲ್ಲಿ ಸೇರಿದೆವು. ಮಾವ ನಾನೂ ಬರುತ್ತೇನೆ, ದಡದಲ್ಲೇ ಕೂತು ನೋಡುತ್ತೇನೆ ಎಂದು ಹಟ ಮಾಡಿದ್ದರು. ದಡ ನೀರಲ್ಲವಾದ್ದರಿಂದ ಅಕ್ಕ ಒಪ್ಪಿದ್ದಳು. ಮೋಟಾರು ದೋಣಿಯವರು ನಮಗಿಂತ ಮುಂಚೆ ಬಂದು ಟೇಪು ಹಿಡಿದು ನಮ್ಮ ಜಾಗದ ಉದ್ದ ಅಳೆಯುತ್ತಿದ್ದರು. ನಮ್ಮನ್ನು ಕಂಡು ಟೇಪು ಜೇಬಿಗೆ ಸೇರಿಸಿ ಮಾವನ ಆರೋಗ್ಯ ವಿಚಾರಿಸಿದರು. ದಕ್ಕೆಯ ಮೇಲ್ವಿಚಾರಕರು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ತಾವು ನೋಡಬಹುದೇ ಹೊರತು ದೋಣಿಯ ಒಂದು ದಾರವನ್ನೂ ಮುಟ್ಟುವ ಹಾಗಿಲ್ಲವೆಂದು ಮೊದಲೇ ಹೇಳಿಬಿಟ್ಟರು.

ಸಹಾಯಕ್ಕೆ ಎಂದು ನನ್ನನ್ನೂ ದೋಣಿಗೆ ಹತ್ತಿಸಿದ್ದರು. ನಾವು ಚೀಲದಿಂದ ಹಾಯಿ ತೆಗೆದು, ಕಂಬದ ತುದಿಯಿಂದ ಇಳಿಬಿದ್ದಿದ್ದ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳೆದೆವು. ಅದು ಅಗಲವಾದ ಕಡೆ ಮೇಲಾಗಿ, ಒಣಗಲು ಹಾಕಿದ ಪಂಚೆಯ ಹಾಗೆ ನಮ್ಮ ತಲೆ ಮೇಲೆ ಕವುಚಿಕೊಂಡಿತು. ಇಳಿಸಿ ಇನ್ನೊಂದು ಮೂಲೆ ಹಿಡಿದು ಎಳೆದೆವು. ಆಗ ಅಡ್ಡವಾಯಿತು. ತ್ರಿಕೋನಕ್ಕೆ ಇರುವುದು ಮೂರೇ ಮೂಲೆಯಾದ್ದರಿಂದ ಮೂರನೆಯ ಸಲ ಸರಿಹೋಯಿತು. ಕಡತರಾಯರು ದಡದ ಕಡೆ ತಿರುಗಿ, ಮೊದಲೆರಡು ಸಲ ಗಾಳಿ ಪರೀಕ್ಷೆ ಮಾಡಿದ್ದು ಎಂದು ತಿಳಿಸಿದರು. ಗಾಳಿ ನಿಜಕ್ಕೂ ಚೆನ್ನಾಗಿತ್ತು. ಹಾಯಿ ಪಟಪಟ ಬಡಿಯತೊಡಗಿತು. ಹತೋಟಿ ಇಲ್ಲದ ಅಡ್ಡಮರ ಎಡಕ್ಕೂ ಬಲಕ್ಕೂ ಓಲಾಡಿ ಎರಡು ಸಲ ರಾಯರ ತಲೆಗೆ ತಗುಲಿತು. ಆಗ ಗಂಟೆ ಒಂಬತ್ತೂ ಕಾಲು ಆಗಿತ್ತು.

ಮೇಲ್ವಿಚಾರಕರು ಬಗ್ಗಿ ನೋಡಿ, ಎಲ್ಲ ಸರಿ, ಮೇನ್ ಶೀಟ್ ಎಲ್ಲಿ ಎಂದು ಕೇಳಿದರು.

ಈ ಪ್ರಶ್ನೆಗಾಗಿಯೇ ಒಂದು ವಾರದಿಂದ ಕಾದಿದ್ದವರ ಹಾಗೆ ರಾಯರು ಅಂಗಿಯೊಳಗಿಂದ ಕಡತ ತೆಗೆದು ಎರಡೂ ಕೈಯಿಂದ ಕೊಟ್ಟರು. ಮೇಲ್ವಿಚಾರಕರು ಕಚೇರಿಯ ಮನುಷ್ಯ. ಕೈಗೆ ಬಂದ ಕಡತವನ್ನು ಓದದೆ ಹಿಂದಿರುಗಿಸುವುದು ಅವರಿಂದ ಆಗಲಿಲ್ಲ. ಒಂಬತ್ತು ಹಾಳೆಯನ್ನೂ ನಿಂತಲ್ಲೇ ಓದಿದರು. ಅಷ್ಟರಲ್ಲಿ ಹತ್ತು ನಿಮಿಷ ಕಳೆಯಿತು. ಮೋಟಾರು ದೋಣಿಯವರು ಗಡಿಯಾರ ನೋಡಿಕೊಂಡರು.

“ಉಪನಿರ್ದೇಶಕರು ‘ಮುಂದುವರಿಯಬಹುದು’ ಅಂದಿದ್ದಾರೆ, ಅದು ಸರಿ ಸಾರ್,” ಎಂದರು ಮೇಲ್ವಿಚಾರಕರು ಬಹಳ ಮರ್ಯಾದೆಯಿಂದ. “ಆದ್ರೆ ದೋಣಿ ಮುಂದುವರಿಯಲ್ಲ. ಮೇನ್ ಶೀಟ್ ಅಂದ್ರೆ ಹಗ್ಗ. ಅಗೋ, ಆ ಅಡ್ಡಮರದ್ದು. ಅದರ ಕೆಳಗೊಂದು, ಮೇಲೊಂದು ರಾಟೆ ಇದೆ ನೋಡಿ, ಅದನ್ನೇ ಬ್ಲಾಕ್ ಅನ್ನೋದು. ಎರಡೂ ಖಾಲಿ ಇದೆ.”

ನಾವೆಲ್ಲ ಆ ಎರಡು ರಾಟೆಗಳನ್ನು ನೋಡಿದೆವು. ಖಾಲಿಯೇ ಇದ್ದವು. ರಾಯರು ಕಡತವನ್ನು ವಾಪಸು ತೆಗೆದುಕೊಂಡು ಕಂಕುಳಲ್ಲಿ ಇರುಕಿಕೊಂಡರು. ಅಡ್ಡಮರ ಬಂದು ಮೂರನೆಯ ಸಲ ತಗುಲಿತು, ಅವರು ಕದಲಲಿಲ್ಲ. ದುರುಗುಟ್ಟಿ ನೋಡಬೇಕಾಗಿದ್ದ ಅಕ್ಕ ಗಂಡನ ಮುಖ ಕಂಡು ಕಣ್ಣು ತಗ್ಗಿಸಿದಳು. ನನಗೂ ನಗು ಬರಲಿಲ್ಲ. ಒಬ್ಬ ಮನುಷ್ಯ ಮೂರು ದಿನ ದಿಬ್ಬ ಹತ್ತಿ ಇಳಿದದ್ದು ಹೀಗೆ ಕೈಕೊಟ್ಟಾಗ ನೋಡುತ್ತ ನಿಲ್ಲುವುದು ಸುಲಭವಲ್ಲ.

“ನಂಗೆ ಇದೇನೂ ಗೊತ್ತಿಲ್ಲ ಮಾವ,” ಎಂದರು ಕಡತರಾಯರು. “ಹಾಯಿ ಕಟ್ಟೋದೂ ಗೊತ್ತಿಲ್ಲ, ನಡೆಸೋದೂ ಗೊತ್ತಿಲ್ಲ.”

ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ನಾನು ಸಾಕ್ಷಿ.

ಮೇಲ್ವಿಚಾರಕರು ರಿಜಿಸ್ಟರು ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಮಾವ ಮಾತ್ರ ಒಂದಿಷ್ಟೂ ಗಾಬರಿಯಾಗದೆ ಹೆಣ್ಣುಮಕ್ಕಳ ಕಡೆ ತಿರುಗಿದರು. ಇನ್ನು ಅರ್ಧ ಗಂಟೆ ಇದೆ, ಇಲ್ಲಿ ಹಾಯಿ ನಡೆಸಲು ಬರುವವನು ನಾನೊಬ್ಬನೇ, ನನ್ನನ್ನು ಎತ್ತಿ ಚುಕ್ಕಾಣಿ ಹತ್ತಿರ ಕೂರಿಸಿ ಎಂದರು. ಅಕ್ಕ ಡಾಕ್ಟರ ಮಾತು ತೆಗೆದಳು. ಕೂತುಕೊಳ್ಳಬೇಡಿ ಎಂದು ಡಾಕ್ಟರು ಹೇಳಿಲ್ಲ ಎಂದರು ಮಾವ. ಮೋಟಾರು ದೋಣಿಯವರು ಮುಂದೆ ಬಂದು, ಅಕ್ಕ ಹೇಳುವುದೇ ಸರಿ, ವಯಸ್ಸಾದವರು ಇಂಥದಕ್ಕೆಲ್ಲ ಕೈ ಹಾಕಬಾರದು ಎಂದು ಬುದ್ಧಿ ಹೇಳಿದರು. ಅವರು ಹೇಳಿದ್ದೇ ತಡ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನನ್ನು ಎತ್ತಲು ತಾನೇ ಮೊದಲು ಬಗ್ಗಿದಳು.

ರಾಯರೂ ನಾನೂ ದಡಕ್ಕೆ ಇಳಿದು, ಅಕ್ಕನ ಜೊತೆ ಸೇರಿ ಅವರನ್ನು ಎತ್ತಿ ಚುಕ್ಕಾಣಿ ಹತ್ತಿರ ಕೂರಿಸಿದೆವು. ಎತ್ತಿದಾಗ ಗಾಲಿಕುರ್ಚಿಯ ದಿಂಬು ಜಾರಿ ಬಿತ್ತು. ಅದರ ಕೆಳಗೆ ಒಂದು ಹೊಸ ಬಿಳಿ ಹಗ್ಗ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು ಕೂತಿತ್ತು. ಎರಡೂ ತುದಿ ಬಿಚ್ಚಿಕೊಳ್ಳದ ಹಾಗೆ ಕೆಂಪು ದಾರ ಸುತ್ತಿತ್ತು. ಅದನ್ನೊಂದಿಷ್ಟು ಕೊಡಿ ಎಂದು ಮಾವ ನನಗೆ ಹೇಳಿದರು, ಪೇಪರು ಕೇಳಿದಷ್ಟು ಸಹಜವಾಗಿ. ಕೆಳಗಿನ ರಾಟೆ, ಮೇಲಿನ ರಾಟೆ, ಮತ್ತೆ ಕೆಳಗಿನದು, ಕೊನೆಗೆ ಒಂದು ಗಂಟು. ಎಲ್ಲಕ್ಕೂ ಸೇರಿ ಅವರಿಗೆ ಎರಡು ನಿಮಿಷ ಹಿಡಿಯಿತು. ಅಕ್ಕ ದಡದಲ್ಲಿ ನಿಂತು ಆ ಹಗ್ಗವನ್ನೂ ಅಪ್ಪನನ್ನೂ ನೋಡುತ್ತಿದ್ದಳು. ನನ್ನ ಹೆಂಡತಿ ಬೇರೆ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಮಾವ ಹಗ್ಗದ ತುದಿಯನ್ನು ರಾಯರ ಕೈಗೆ ಕೊಟ್ಟು, ಎಳೆಯಿರಿ ಎಂದರೆ ಎಳೆಯಿರಿ, ಬಿಡಿ ಎಂದರೆ ಬಿಡಿ, ನಡುವೆ ಏನೂ ಯೋಚಿಸಬೇಡಿ ಎಂದರು. ರಾಯರು ಎಳೆದರು. ಬಡಿದುಕೊಳ್ಳುತ್ತಿದ್ದ ಹಾಯಿ ತಟ್ಟನೆ ಸುಮ್ಮನಾಗಿ ಉಬ್ಬಿತು. ದೋಣಿ ದಡ ಬಿಟ್ಟು ಹೊರಟಿತು. ಹೊರಟಾಗ ಯಾವ ಸದ್ದೂ ಆಗಲಿಲ್ಲ, ಅದು ನನಗೆ ಆಶ್ಚರ್ಯವಾಯಿತು. ಒಂದು ವರ್ಷದಿಂದ ಕಿಟಕಿ ಪಕ್ಕ ಕೂತು ಕೂತು ಬೂದಿ ಬಣ್ಣಕ್ಕೆ ತಿರುಗಿದ್ದ ಮಾವನ ಮುಖಕ್ಕೆ ಕಳೆ ಬಂತು. ನನಗೆ ಬಹಳ ಸಂತೋಷವಾಯಿತು, ಹೆದರಿಕೆಯೂ ಆಗುತ್ತಿತ್ತು.

ಕೆಂಪು ಪೀಪಾಯಿಯ ಹತ್ತಿರ ಗಾಳಿ ಒಮ್ಮೆಗೇ ಜೋರಾಗಿ ಬೀಸಿತು. ದೋಣಿ ಒಂದು ಕಡೆಗೆ ವಾಲಿ, ಅಂಚಿನ ಮೇಲಿಂದ ನೀರು ಒಳಗೆ ಇಣುಕಿತು.

“ಶೀಟ್ ಬಿಡೋ,” ಎಂದು ಮಾವ ಕೂಗಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಕಡತರಾಯರು ಒಂದು ಕ್ಷಣವೂ ತಡಮಾಡಲಿಲ್ಲ. ಒಂದು ಚೀಟಿಯನ್ನೂ ಕಳೆದುಕೊಳ್ಳದ ಆ ಮನುಷ್ಯ ಕಂಕುಳಲ್ಲಿದ್ದ ಕಡತವನ್ನು ತೆಗೆದು ಕೆರೆಗೆ ಎಸೆದುಬಿಟ್ಟರು. ಹಗ್ಗವನ್ನು ಮಾತ್ರ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದರು.

“ಅದಲ್ಲವೋ, ಇನ್ನೊಂದು,” ಎಂದರು ಮಾವ.

ಅದನ್ನೂ ಬಿಟ್ಟರು. ದೋಣಿ ನೆಟ್ಟಗಾಯಿತು. ಪೀಪಾಯಿ ನಮ್ಮ ಎಡಕ್ಕೆ ಬಂದು, ಹಿಂದಕ್ಕೆ ಹೋಯಿತು. ಎರಡೂ ಬ್ಲಾಕಿನ ರುಜುಗಳು, ಸ್ಥಿರ ಚರಗಳ ಅಭಿಪ್ರಾಯ ಎಲ್ಲವೂ ಸ್ವಲ್ಪ ದೂರ ನಮ್ಮ ಜೊತೆ ತೇಲಿ, ಆಮೇಲೆ ಮುಳುಗಿದವು. ರಾಯರು ಆ ಕಡೆ ನೋಡಲಿಲ್ಲ. ಹಗ್ಗ ಹಿಡಿದು ಮಾವನ ಬಾಯನ್ನೇ ನೋಡುತ್ತಿದ್ದರು.

ದಡ ಹತ್ತಿರವಾಗುತ್ತಿದ್ದಾಗ ನಾನು ಮಾವನ ಪಕ್ಕಕ್ಕೆ ಸರಿದು, ನಿಮಗೆ ಮೊದಲ ದಿನವೇ ಗೊತ್ತಾಗಿತ್ತು ಅಲ್ಲವೇ ಎಂದು ಮೆಲ್ಲಗೆ ಕೇಳಿದೆ. ರಾಯರು ಮುಂದೆ ಕೂತಿದ್ದರು, ಗಾಳಿಗೆ ಅವರಿಗೆ ಕೇಳಿಸುವಂತಿರಲಿಲ್ಲ.

“ಗೊತ್ತಿಲ್ದೆ ಏನು? ಹಗ್ಗದ ಮಾತೆತ್ತಿದ್ರೆ ಕೇಸು, ಮೇಜು ಅಂದ್ರು. ಆಮೇಲೆ ಎರಡು ನಿಮಿಷದ ಕೆಲಸಕ್ಕೆ ಮೂರು ದಿನ ಹಿಡೀತು ಅಂದ್ರು,” ಎಂದರು ಮಾವ. “ನಿಮಗೆ ಒಪ್ಪಿಸಿದ್ರೆ ಯಾರನ್ನಾದ್ರೂ ಕೇಳಿ ಕಲಿತುಕೊಂಡು ಬಂದುಬಿಡ್ತಿದ್ರಿ. ಜಾಗ ಉಳೀತಿತ್ತು, ನಾನು ದಡದಲ್ಲೇ ಉಳೀತಿದ್ದೆ.”

ಹತ್ತಕ್ಕೆ ನಾಲ್ಕು ನಿಮಿಷ ಇರುವಾಗ ದಕ್ಕೆ ಮುಟ್ಟಿದೆವು. ಮೇಲ್ವಿಚಾರಕರು ರಿಜಿಸ್ಟರಿನಲ್ಲಿ ಸರಿ ಗುರುತು ಹಾಕಿ, ನಡೆಸಿದವರ ಹೆಸರು ಎಂಬ ಕಡೆ ಏನು ಬರೆಯಲಿ ಎಂದು ಕೇಳಿದರು. ದೊಡ್ಡಳಿಯ ಎಂದು ಬರೆದುಕೊಳ್ಳಿ ಎಂದರು ಮಾವ. ಮೋಟಾರು ದೋಣಿಯವರು ಆರೋಗ್ಯ ವಿಚಾರಿಸದೆ ಹೊರಟುಹೋದರು. ಅಕ್ಕ ಅಪ್ಪನ ಕಾಲಿಗೆ ಹೊದಿಕೆ ಸರಿಮಾಡುತ್ತ, ಇನ್ನು ಮುಂದೆ ಭಾನುವಾರ ಬೆಳಗ್ಗೆ ಒಂದು ಸುತ್ತು, ಅದೂ ಅಳಿಯಂದಿರು ಜೊತೆಗಿದ್ದರೆ ಮಾತ್ರ, ಎಂದು ಹೊಸ ತಿದ್ದುಪಡಿ ಹೊರಡಿಸಿದಳು. ಅವಳ ದನಿ ಗಟ್ಟಿಯಾಗಿರಲಿಲ್ಲ.

ಮನೆಗೆ ನಡೆದುಕೊಂಡು ಹೋಗುವಾಗ ಕಡತರಾಯರು ನನ್ನ ಜೊತೆಯಾದರು. ಹಗ್ಗ ಉಜ್ಜಿ ಅಂಗೈ ಕೆಂಪಾಗಿತ್ತು, ಹಣೆಯ ಮೇಲೆ ಮೂರು ಕಡೆ ಬಾತಿತ್ತು. ಅವರು ಒಂದೊಂದು ಬಾವನ್ನೂ ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತ ನಡೆದರು.

“ಮಾವನಿಗೆ ನನ್ನ ಮೇಲೆ ಎಷ್ಟು ನಂಬಿಕೆ ನೋಡು,” ಎಂದರು ಕೊನೆಗೆ. “ಈ ಕೆಲಸ ಇನ್ಯಾರಿಗೂ ಒಪ್ಪಿಸಲಿಲ್ಲ.”

ಅದು ಅಕ್ಷರಶಃ ನಿಜವಾದ್ದರಿಂದ, ನಾನು ಹೌದಣ್ಣ ಎಂದೆ.